‘ಚಿಕ್ಕಸ್ವಾಮಿಯೋರೇ’ ಅನ್ನುವಷ್ಟರಲ್ಲಿ

ಇಟ್ಟಿಗೆಗೂಡು, ಮೈಸೂರು
10-2-1958, ಸೋಮವಾರ

ಪ್ರೀತಿಯ ಅಪ್ಪಯ್ಯನಿಗೆ ದೇವರಾಜು ಮಾಡುವ ನಮಸ್ಕಾರ.

ಹೈಸ್ಕೂಲಿನಲ್ಲಿ ಕಾಗದ ಬರೆಯುವುದನ್ನು ಕಲಿಸುವಾಗ ತಂದೆಗೆ ‘ತೀರ್ಥರೂಪು’ ಎಂದು ಶುರುಮಾಡಿ ‘ತಾವು’ ಎಂದು ಬರೆಯಬೇಕು ಅಂತ ಹೇಳಿಕೊಟ್ಟಿದ್ದರು. ಹಾಗೆ ಎರಡು ಸಾಲು ಬರೆದು ಓದಿ ನೋಡಿದೆ. ಕೋರ್ಟಿನಿಂದ ಬಂದ ಸಮನ್ಸಿನ ಹಾಗಿತ್ತು. ನೀನು ಲಾಯದ ಬಾಗಿಲಲ್ಲಿ ಕೂತು ಅದನ್ನು ಓದಿ, ಮಗ ಏನು ಮಾಡಿಕೊಂಡನೋ ಎಂದು ಗಾಬರಿಯಾಗುತ್ತೀಯ ಅನ್ನಿಸಿ ಹರಿದು ಹಾಕಿದೆ. ಮನೆಯಲ್ಲಿ ‘ನೀನು’ ಅನ್ನುವವನು ಕಾಗದದಲ್ಲಿಯೂ ಹಾಗೇ ಅನ್ನುತ್ತೇನೆ. ಗಾಡಿ ನಿಲ್ಲಿಸಿಕೊಂಡು ಕಾಯುವಾಗ ಅಂಗಡಿಯ ಬೋರ್ಡುಗಳನ್ನು ನೋಡಿ ನೋಡಿ ಓದು ಕಲಿತವನು ನೀನು. ಅದಕ್ಕೇ ಬೋರ್ಡಿನ ಅಕ್ಷರದಷ್ಟು ದಪ್ಪಗೆ ಬರೆಯುತ್ತಿದ್ದೇನೆ. ಹಾಳೆ ಹೆಚ್ಚು ಹಿಡಿದಿದೆ ಎಂದು ಬೈಯಬೇಡ.

ನಿನ್ನ ಮಂಡಿನೋವು ಹೇಗಿದೆ? ಊಟಿಯ ಚಳಿಗೆ ಅದು ಕೆರಳುತ್ತದೆ ಎಂದು ಅವ್ವ ದಿನಕ್ಕೆ ಎರಡು ಸಲವಾದರೂ ಹೇಳುತ್ತಾಳೆ. ಹೋದ ತಿಂಗಳು ಕಳಿಸಿದ ಕಂಬಳಿಯನ್ನು ನೀನು ಹೊದ್ದುಕೊಂಡಿದ್ದೀಯೋ ಕೆಂಪಿಗೆ ಹೊದಿಸಿದ್ದೀಯೋ ಎಂಬುದು ಅವಳ ಪ್ರಶ್ನೆ. ಉತ್ತರ ನನಗೆ ಗೊತ್ತಿದೆ, ಹೇಳಿಲ್ಲ. ದೊಡ್ಡಮನೆಯ ದೊಡ್ಡಸ್ವಾಮಿಯವರು ಕಾರು ಕೊಂಡು ಕೆಂಪಿಯನ್ನು ಊಟಿಯ ಲಾಯಕ್ಕೆ ಮಾರಿದಾಗ, ಬೇರೆಯವರ ಕೈಯಿಂದ ಅದು ಹುರುಳಿ ತಿನ್ನುವುದಿಲ್ಲ ಎಂದು ಕುದುರೆಯ ಹಿಂದೆಯೇ ಹೊರಟವನಲ್ಲವೇ ನೀನು? ಎರಡು ತಿಂಗಳು ಅಂದೆ, ಎರಡು ವರ್ಷವಾಯಿತು. ಬೀದಿಯಲ್ಲಿ ಯಾರಾದರೂ ಜವರಯ್ಯ ಎಲ್ಲಿ ಎಂದು ಕೇಳಿದರೆ ಅವ್ವ, ‘ಕುದ್ರೆ ಜೊತೆ ಸಂಸಾರ ಮಾಡಕ್ಕೋಗವ್ರೆ’ ಅನ್ನುತ್ತಾಳೆ. ಕೋಪದಿಂದ ಅಲ್ಲ. ಅವಳು ಆರೋಗ್ಯವಾಗಿದ್ದಾಳೆ. ಹಿತ್ತಲಿನ ಅವರೆ ಈ ಸಲ ಚೆನ್ನಾಗಿ ಬಿಟ್ಟು, ಅಕ್ಕಪಕ್ಕದವರಿಗೆಲ್ಲ ಹಂಚಿ ಆಯಿತು. ಕೆಂಪಿಯ ಮುಂಗಾಲಿನ ಗಾಯ ಒಣಗಿತೇ, ಅದನ್ನೂ ಬರೆ.

ಈಗ ನಿನ್ನ ಕಾರ್ಡಿನ ವಿಷಯ. ಕಾಲೇಜಿನ ಹಾಕಿ ತಂಡಕ್ಕೆ ನನ್ನನ್ನು ಕ್ಯಾಪ್ಟನ್ ಮಾಡಿದ್ದಾರೆ ಎಂದು ಡಿಸೆಂಬರಿನಲ್ಲಿ ನಾನು ಕುಣಿದಾಡಿಕೊಂಡು ಬರೆದೆ. ಅದಕ್ಕೆ ನೀನು ಬರೆದದ್ದು ಮೂರೇ ಸಾಲು. ‘ಚಿಕ್ಕಸ್ವಾಮಿಯೋರು ಇರೋ ಕಡೆ ನೀನು ಯಜಮಾನ ಆಗೋದು ಸರಿ ಅಲ್ಲ ಮಗ. ಅವರ ಮನೆ ಅನ್ನ ತಿಂದಿದ್ದೀವಿ. ಮೇಷ್ಟ್ರಿಗೆ ಬ್ಯಾಡ ಅಂತ ಏಳ್ಬುಡು.’ ಆ ಕಾರ್ಡನ್ನು ಎರಡು ತಿಂಗಳು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ನಿನ್ನ ಮಾತು ಮೀರಿದವನಲ್ಲ ನಾನು. ಆದರೆ ಬೇಡ ಎಂದು ಹೇಳಲು ಬಾಯಿ ಬರಲಿಲ್ಲ, ಹೇಳಲಿಲ್ಲ ಎಂದು ನಿನಗೆ ಬರೆಯಲು ಕೈ ಬರಲಿಲ್ಲ. ಇವತ್ತು ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿದ ಮೇಲೆ ಮಾಡಿಕೋ.

ನಿನ್ನ ಚಿಕ್ಕಸ್ವಾಮಿ ಸುಂದರೇಶ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ನೀನು ಗಾಡಿಯಲ್ಲಿ ಸ್ಕೂಲಿಗೆ ಬಿಟ್ಟು ಬರುತ್ತಿದ್ದ ಹುಡುಗ, ಈಗ ಚೆಂಡು ಹಿಡಿದು ಹೊರಟರೆ ಮೂರು ಜನ ಅಡ್ಡ ಬಂದರೂ ನಿಲ್ಲುವುದಿಲ್ಲ. ಹೋದ ವರ್ಷ ಅವನೇ ಕ್ಯಾಪ್ಟನ್. ಆದರೂ ಸೋತೆವು, ಅದರ ಹಿಂದಿನ ವರ್ಷವೂ ಸೋತಿದ್ದೆವು. ಹನ್ನೊಂದು ಜನ ಒಬ್ಬೊಬ್ಬರೇ ನೋಡಿದರೆ ಒಳ್ಳೆಯ ಆಟಗಾರರು. ಒಟ್ಟಿಗೆ ಇಳಿದರೆ ಎರಡು ತಂಡ. ಅಗ್ರಹಾರ, ಲಕ್ಷ್ಮೀಪುರದವರು ತಮ್ಮತಮ್ಮಲ್ಲೇ ಚೆಂಡು ಕೊಟ್ಟುಕೊಳ್ಳುವರು. ಹಾಸ್ಟೆಲಿನವರೂ ನಾನೂ ನಮ್ಮನಮ್ಮಲ್ಲೇ. ಬೇಕೆಂದು ಮಾಡಿದ್ದಲ್ಲ, ಕರೆಯಲು ಸಲೀಸಾದವರನ್ನು ಕರೆಯುತ್ತಿದ್ದೆವು ಅಷ್ಟೆ. ಎಲ್ಲರ ಸ್ಟಿಕ್ಕುಗಳ ಹೊರೆಯನ್ನು ಹೊತ್ತು ತರುವವನು ನಮ್ಮ ಗೋಲ್‌ಕೀಪರ್ ನಿಂಗಯ್ಯ. ಯಾಕೆ ಅವನೇ ಎಂದು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ನಮ್ಮ ಪಿ.ಟಿ. ಮೇಷ್ಟ್ರು ಏಕಾಂತಯ್ಯನವರು ಎರಡು ವರ್ಷ ಇದನ್ನೆಲ್ಲ ಸುಮ್ಮನೆ ನೋಡಿ, ಈ ವರ್ಷ ನನ್ನ ಹೆಸರು ಹೇಳಿಬಿಟ್ಟರು. ನಾನು ತಬ್ಬಿಬ್ಬಾಗಿ ನಿಂತಿದ್ದಾಗ, ‘ಅವ್ನು ಚೆಂಡು ನೋಡ್ಕೊಂಡು ಆಡ್ತಾನೆ ಕಣಯ್ಯ, ನೀನು ಜನ ನೋಡ್ಕೊಂಡು ಆಡ್ತೀಯ’ ಅಂದರು. ಸುಂದರೇಶ ಬಂದು ನನ್ನ ಬೆನ್ನು ತಟ್ಟಿದ. ಅವನ ಮುಖ ಚಿಕ್ಕದಾಗಿತ್ತೇ ಎಂದು ಹುಡುಕಿದೆ. ಸ್ವಲ್ಪ ಆಗಿತ್ತು, ಸುಳ್ಳು ಹೇಳುವುದಿಲ್ಲ.

ನಿನ್ನ ಕಾರ್ಡು ಬಂದ ವಾರವೇ ಬೆಂಗಳೂರಿನ ಒಂದು ಕಾಲೇಜಿನ ತಂಡ ನಮ್ಮ ಮೈದಾನಕ್ಕೆ ಆಡಲು ಬಂತು. ಆಟ ಸಮಸಮ ಸಾಗಿತ್ತು. ಇನ್ನೇನು ಮುಗಿಯಬೇಕು, ನಮ್ಮ ಅರ್ಧದಲ್ಲೇ ಚೆಂಡು ಸುಂದರೇಶನ ಕೋಲಿಗೆ ಸಿಕ್ಕಿತು. ಅವನು ಮುಂದೆ ನೋಡುತ್ತಿದ್ದ. ಅವರ ಕಡೆಯ ಒಬ್ಬ ಉದ್ದನೆಯ ಹುಡುಗ ಎಡಗಡೆ ಹಿಂದಿನಿಂದ ಬೆಕ್ಕಿನ ಹಾಗೆ ಬರುತ್ತಿದ್ದುದು ಹಿಂದೆ ನಿಂತ ನನಗೆ ಕಾಣಿಸಿತು. ಕೂಗಿದೆ. ಏನೆಂದು ಕೂಗಿದೆ ಗೊತ್ತೇ? ‘ಚಿಕ್ಕಸ್ವಾಮಿಯೋರೇ, ಹಿಂದ್ಗಡೆ ನೋಡ್ಕಳ್ಳಿ’ ಎಂದು. ನನ್ನ ಬಾಯಿ ‘ಯೋರೇ’ಗೆ ಬರುವಷ್ಟರಲ್ಲಿ ಚೆಂಡು ಆ ಹುಡುಗನ ಹತ್ತಿರ ಇತ್ತು, ‘ನೋಡ್ಕಳ್ಳಿ’ ಮುಗಿಯುವಷ್ಟರಲ್ಲಿ ನಮ್ಮ ಗೋಲಿನೊಳಗೆ ಇತ್ತು. ಸೋತದ್ದಕ್ಕಿಂತ ಆಮೇಲಿನದು ಕಷ್ಟವಾಯಿತು. ಬೇಲಿಯ ಆಚೆ ನಿಂತಿದ್ದವರಲ್ಲಿ ಯಾರೋ ನನ್ನ ಹಾಗೇ ರಾಗ ಎಳೆದು ‘ಚಿಕ್ಕಸ್ವಾಮಿಯೋರೇ’ ಅಂದ. ಮೈದಾನಕ್ಕೆ ಮೈದಾನವೇ ನಕ್ಕಿತು. ಸುಂದರೇಶ ಯಾರ ಮುಖವನ್ನೂ ನೋಡದೆ ಸೈಕಲ್ ಹತ್ತಿ ಹೋದ. ನಿನ್ನ ಮಾತೇ ಸರಿ, ಈ ಕೆಲಸ ನನ್ನದಲ್ಲ ಎಂದುಕೊಂಡೆ.

ಏಕಾಂತಯ್ಯನವರು ಮುರಿದ ಸ್ಟಿಕ್ಕಿಗೆ ಹುರಿ ಸುತ್ತುತ್ತ ಕೂತಿದ್ದರು. ನನಗೆ ಕ್ಯಾಪ್ಟನ್ ಆಗುವುದು ಬೇಡ ಸಾರ್ ಅಂದೆ. ತಲೆ ಎತ್ತಲೂ ಇಲ್ಲ. ‘ರಾಜೀನಾಮೆ ಇಂಗ್ಲಿಷ್‌ನಲ್ಲಿ ಬರ್ಕೊಂಡು ಬಾ, ಸ್ಪೆಲ್ಲಿಂಗ್ ಸರಿಯಿದ್ರೆ ತಗೋತೀನಿ’ ಅಂದರು. ಸಂಜೆ ಜಗಲಿಯ ಮೇಲೆ ಕೂತು ಬರೆಯಲು ಶುರುಮಾಡಿದೆ. ಆಗ ಬೀದಿಯಲ್ಲಿ ಜಟಕಾದ ಕಾಳಯ್ಯ ‘ಏಯ್, ಪಕ್ಕ ಪಕ್ಕ’ ಎಂದು ಕೂಗಿಕೊಂಡು ಹೋದ. ಥಟ್ಟನೆ ನಿನ್ನ ನೆನಪಾಯಿತು. ನಿನಗೂ ನೆನಪಿರಬೇಕು. ಒಂದು ದಿನ ನೀನು ದೊಡ್ಡಸ್ವಾಮಿಯವರನ್ನು ಕಚೇರಿಗೆ ಕರೆದುಕೊಂಡು ಹೋಗುವಾಗ, ತಾಲ್ಲೂಕಿನ ಅಮಲ್ದಾರರು ಪೇಪರು ಓದಿಕೊಂಡು ಗಾಡಿಗೆ ಅಡ್ಡ ಇಳಿದುಬಿಟ್ಟರು. ನೀನು ಲಗಾಮು ಎಳೆದು, ‘ಏಯ್, ಪಕ್ಕಕ್ಕೋಗ್ಲಾ’ ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ. ಅಮಲ್ದಾರರನ್ನು! ಹಿಂದಿನ ಮೆಟ್ಟಿಲ ಮೇಲೆ ನಿಂತಿದ್ದ ನಾನು ಗಾಡಿಯ ಮರೆಗೆ ಬಗ್ಗಿದೆ. ಅವರು ಚರಂಡಿಯ ಕಡೆ ಹಾರಿಕೊಂಡು ಬದುಕಿದರು. ದೊಡ್ಡಸ್ವಾಮಿಯವರು ನಕ್ಕರು. ಆ ಸಂಜೆ ಅವ್ವ ನಿನ್ನನ್ನು ತರಾಟೆಗೆ ತೆಗೆದುಕೊಂಡಾಗ ನೀನು ಹೇಳಿದೆ: ‘ಕುದ್ರೆ ಕಾಯ್ಕಂಡು ನಿಂತ್ಕತದಾ? ಮರ್ವಾದೆ ಆಮೇಕೆ ಕೊಡಾನ, ಮೊದ್ಲು ಮನ್ಸ ಬದುಕ್ಲಿ.’ ಆ ರಾಜೀನಾಮೆ ಅಲ್ಲಿಗೇ ನಿಂತಿತು. ಅದರ ಹಿಂಭಾಗದಲ್ಲೇ ಹನ್ನೊಂದು ಜನರ ಹೆಸರು ಬರೆದು, ಒಂದೊಂದನ್ನೂ ಎರಡಕ್ಷರಕ್ಕೆ ಕತ್ತರಿಸಿದೆ.

ಮಾರನೆಯ ದಿನ ಎಲ್ಲರನ್ನೂ ಮೈದಾನದ ಸುಣ್ಣದ ಗೆರೆಯ ಹತ್ತಿರ ಕೂರಿಸಿಕೊಂಡು ನಿನ್ನ ಅಮಲ್ದಾರರ ಕಥೆ ಹೇಳಿದೆ. ಗೆರೆಯ ಆಚೆ ಯಾರು ಯಾರನ್ನು ಹೇಗಾದರೂ ಕರೆಯಿರಿ, ಗೆರೆಯ ಒಳಗೆ ‘ರೀ’ ಇಲ್ಲ, ‘ಅಯ್ಯ’ ಇಲ್ಲ, ‘ಸ್ವಾಮಿ’ ಇಲ್ಲ, ಎರಡೇ ಅಕ್ಷರ. ತಪ್ಪಿದವನು ಮೈದಾನಕ್ಕೆ ಒಂದು ಸುತ್ತು ಓಡಬೇಕು, ಕ್ಯಾಪ್ಟನ್ನನೂ ಸೇರಿ ಎಂದೆ. ನಿಂಗಯ್ಯ ನಿಂಗನಾದ, ನಾನು ದೇವನಾದೆ. ಅಗ್ರಹಾರದ ಅನಂತಪದ್ಮನಾಭ ಪದ್ದನಾಗಲು ಒಪ್ಪಲಿಲ್ಲ. ದೇವರ ಹೆಸರು ಮುರಿಯಬಾರದು ಎಂದು ಅವರ ಅಜ್ಜಿ ಹೇಳಿದ್ದಾರಂತೆ. ನಿನ್ನ ಪೂರ್ತಿ ಹೆಸರು ಹೇಳಿ ಮುಗಿಸುವುದರೊಳಗೆ ಹಾಫ್‌ಟೈಮ್ ಆಗುತ್ತದೆ ಎಂದು ನಿಂಗ ಹೇಳಿದ ಮೇಲೆ ನಕ್ಕು ಒಪ್ಪಿದ. ಮೊದಲನೆಯ ವಾರ ಎಲ್ಲರಿಗಿಂತ ಹೆಚ್ಚು ಓಡಿದವನು ಯಾರು ಎಂದು ಕೇಳಬೇಡ. ಹತ್ತೊಂಬತ್ತು ಸುತ್ತು ಓಡಿದೆ, ಹತ್ತೊಂಬತ್ತೂ ಒಂದೇ ತಪ್ಪಿಗೆ. ‘ಸುಂ’ ಎಂದು ಶುರುಮಾಡುತ್ತಿದ್ದೆ, ನಾಲಿಗೆ ತಾನಾಗಿ ‘ಚಿಕ್ಕಸ್ವಾಮಿ’ಗೆ ತಿರುಗುತ್ತಿತ್ತು. ಒಂದು ಸಂಜೆ ಒಬ್ಬನೇ ಓಡುತ್ತಿದ್ದಾಗ ಪಕ್ಕದಲ್ಲಿ ಇನ್ನೊಂದು ಹೆಜ್ಜೆಯ ಸದ್ದಾಯಿತು. ಸುಂದರೇಶ. ‘ನನ್ನ ಹೆಸರಿಗೆ ತಾನೇ ನೀನು ಓಡ್ತಿರೋದು, ನಾನೂ ಬರ್ತೀನಿ ಕಣೋ’ ಅಂದ. ಅವತ್ತಿನಿಂದ ನಾನು ತಪ್ಪಿದಾಗಲೆಲ್ಲ ಅವನೂ ಓಡಿದ. ಅವನನ್ನು ಓಡಿಸಬಾರದು ಎಂದು ನಾನು ತಪ್ಪುವುದು ಕಡಿಮೆಯಾಯಿತು.

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಮೇಷ್ಟ್ರ ಅಪ್ಪಣೆ. ಅದರಲ್ಲಿ ನಾನೊಂದು ಆಟ ಸೇರಿಸಿದೆ. ಮುಂದಿನವನು ಹಿಂದಿರುಗಿ ನೋಡಕೂಡದು, ಹಿಂದಿನವನು ಹೆಸರು ಹಿಡಿದು ಕೂಗಿದರೆ ಮಾತ್ರ ನಿಂತು ಕೈ ಕೊಡಬೇಕು. ಬೆಟ್ಟವೆಲ್ಲ ‘ದೇವಾ, ದೇವಾ’, ‘ಪದ್ದಾ, ಪದ್ದಾ’. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಬರುತ್ತಿದ್ದ ಅಜ್ಜಿಯೊಬ್ಬಳು ನಿಂತು ಕೈಮುಗಿದು, ‘ಈ ಕಾಲದಲ್ಲೂ ಐಕ್ಳು ದ್ಯಾವ್ರ ನಾಮ ಯೋಳ್ಕಂಡು ಬೆಟ್ಟ ಅತ್ತವೆ, ನಿಮ್ಮ ವಂಸ ತಣ್ಣಗಿರ್ಲಿ’ ಅಂದಳು. ನಾವು ಬೇರೆ ಏನೂ ಹೇಳಲು ಹೋಗಲಿಲ್ಲ, ಆಶೀರ್ವಾದ ತೆಗೆದುಕೊಂಡೆವು. ನಂದಿಯ ಹತ್ತಿರ ಸುಂದರೇಶ ಮೆಟ್ಟಿಲ ಮೇಲೆ ಕೂತುಬಿಟ್ಟ. ‘ಹೆಸರು ಹಿಡಿದು ಕರಿ, ಆಮೇಲೆ ಏಳ್ತೀನಿ’ ಅಂದ. ಎಲ್ಲರೂ ಮುಂದೆ ಹೋದರು. ನಾವಿಬ್ಬರೇ ಉಳಿದೆವು. ನನಗೆ ನಿನ್ನ ಮುಖವೇ ಕಣ್ಣೆದುರು ಬರುತ್ತಿತ್ತು, ಹೆಗಲ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುವ ನೀನು. ಕೊನೆಗೆ ಪಿಸುಗುಟ್ಟಿದೆ, ‘ಸುಂದ್ರ’. ಅವನು ಎದ್ದ. ‘ಬೆಟ್ಟದಲ್ಲಿ ಇಷ್ಟು, ಮೈದಾನದಲ್ಲಿ ಇನ್ನಷ್ಟು ಬೇಕು’ ಅಂದು ಕೈ ಕೊಟ್ಟ.

ಅವ್ವ ಒಂದು ಮಣ್ಣಿನ ಹೂಜಿ ಕೊಟ್ಟಳು. ಅದನ್ನು ಮೈದಾನದಲ್ಲಿ ಇಟ್ಟು ಇನ್ನೊಂದು ಕಟ್ಟಳೆ ಮಾಡಿದೆ. ಯಾರೂ ತಮಗೆ ತಾವೇ ನೀರು ಬಗ್ಗಿಸಿಕೊಳ್ಳಕೂಡದು, ಇನ್ನೊಬ್ಬ ಬಗ್ಗಿಸಬೇಕು. ಮೊದಲೆರಡು ದಿನ ಕೆಲವರು ಬಾಯಾರಿಕೆಯೇ ಇಲ್ಲ ಅಂದರು. ಎರಡು ಗಂಟೆ ಬಿಸಿಲಿನಲ್ಲಿ ಓಡಿದ ಮೇಲೆ ಎಲ್ಲರಿಗೂ ಬಾಯಾರಿಕೆ ಆಗುತ್ತದೆ. ಮೂರನೆಯ ದಿನ ನಿಂಗ ಬಗ್ಗಿಸಿದ ನೀರನ್ನು ಪದ್ದ ಎರಡು ಲೋಟ ಕುಡಿದು, ಅವನ ಲೋಟ ತುಂಬಿಸಿಕೊಟ್ಟ. ಸ್ಟಿಕ್ಕಿನ ಹೊರೆಯನ್ನು ನಾನು ಹೊತ್ತು ತಂದೆ. ಒಂದು ವಾರವಾದ ಮೇಲೆ ನನ್ನ ಕೈಯಿಂದ ಸುಂದರೇಶ ಕಿತ್ತುಕೊಂಡ, ಅವನ ಕೈಯಿಂದ ಇನ್ನೊಬ್ಬ. ಈಗ ಹೊರೆಯೇ ಇಲ್ಲ, ಅವರವರ ಕೋಲು ಅವರವರ ಹೆಗಲಿಗೆ ಬಂದಿದೆ.

ಮೊನ್ನೆ ಶನಿವಾರ ಅಂತರ ಕಾಲೇಜು ಕಪ್ಪಿನ ಫೈನಲ್. ಎದುರಿಗೆ ಅದೇ ಬೆಂಗಳೂರಿನ ತಂಡ, ಅದೇ ಉದ್ದನೆಯ ಹುಡುಗ. ಜನ ಕಿಕ್ಕಿರಿದಿದ್ದರು. ಬೇಲಿಯ ಆಚೆ ಅವ್ವನೂ ಪಕ್ಕದ ಮನೆಯ ಕೆಂಚಮ್ಮನೂ ನಿಂತಿದ್ದರು. ಮುಂದಿನ ಸಾಲಿನ ಕುರ್ಚಿಯಲ್ಲಿ, ಪ್ರಿನ್ಸಿಪಾಲರ ಪಕ್ಕದಲ್ಲಿ, ಜರತಾರಿ ಪೇಟ ಇಟ್ಟುಕೊಂಡು ದೊಡ್ಡಸ್ವಾಮಿಯವರು ಕೂತಿದ್ದರು. ಅವರ ಎದುರಿಗೆ ‘ಸುಂದ್ರ’ ಎನ್ನುವುದು ಹೇಗೆ? ಮೊದಲನೆಯ ಅರ್ಧದಲ್ಲಿ ಸುಂದರೇಶನನ್ನು ಒಂದು ಸಲವೂ ಕರೆಯಲಿಲ್ಲ, ಬರೀ ಕೈಸನ್ನೆಯಲ್ಲೇ ಕಳೆದೆ. ಹಾಫ್‌ಟೈಮಿನಲ್ಲಿ ಅವನು ನನಗೆ ನೀರು ಬಗ್ಗಿಸುತ್ತ, ‘ನಮ್ಮಪ್ಪ ಗೆರೆಯ ಆಚೆ ಕೂತಿದ್ದಾರೆ ಕಣೋ’ ಎಂದಷ್ಟೇ ಹೇಳಿದ. ಎರಡೂ ಕಡೆ ಒಂದೊಂದು ಗೋಲು ಆಗಿತ್ತು, ಇನ್ನು ಐದು ನಿಮಿಷ ಇರಬೇಕು. ದೊಡ್ಡಸ್ವಾಮಿಯವರ ಕುರ್ಚಿಯ ಎದುರಿಗೇ ಸುಂದರೇಶನಿಗೆ ಚೆಂಡು ಸಿಕ್ಕಿತು. ಎಡಗಡೆ ಹಿಂದಿನಿಂದ ಆ ಉದ್ದನೆಯ ಹುಡುಗ ಬಂದ. ನಾನು ಕೂಗಿದೆ: ‘ಲೋ ಸುಂದ್ರ, ಎಡಗಡೆ ನೋಡು.’

ಸುಂದರೇಶ ತಿರುಗಿಯೂ ನೋಡಲಿಲ್ಲ. ಚೆಂಡನ್ನು ಬಲಕ್ಕೆ ಎಳೆದುಕೊಂಡ. ಉದ್ದನೆಯವನು ಖಾಲಿ ಹುಲ್ಲಿಗೆ ಕೋಲು ಬೀಸಿ ಮುಗ್ಗರಿಸಿದ. ಆಗ ಆ ತುದಿಯಿಂದ ಯಾರೋ ‘ಇಲ್ಲಿ ಕೊಡೋ’ ಎಂದು ಗಂಟಲು ಹರಿಯುವ ಹಾಗೆ ಕೂಗಿದರು. ಯಾರು ಎಂದು ನಮಗೇ ಗೊತ್ತಾಗಲಿಲ್ಲ, ಏಕೆಂದರೆ ಆ ದನಿಯನ್ನು ನಾವು ಯಾರೂ ಕೇಳಿರಲಿಲ್ಲ. ಪದ್ದ, ಅಪ್ಪಯ್ಯ, ನಮ್ಮ ಪದ್ದ, ಕ್ಲಾಸಿನಲ್ಲಿ ಹಾಜರಿ ಹೇಳಿದರೆ ಮೇಷ್ಟ್ರು ಎರಡು ಸಲ ಕೇಳುವ ಪದ್ದ. ಚೆಂಡು ಅವನಿಗೆ ಹೋಯಿತು, ಅವನಿಂದ ಗೋಲಿಗೆ ಹೋಯಿತು. ಗೆದ್ದೆವು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಗೋಲು ನಾನೇ ಹೊಡೆದಿದ್ದರೂ ಅಷ್ಟು ಆಗುತ್ತಿರಲಿಲ್ಲ. ಕಪ್ಪನ್ನು ನಾನು ಇಸಕೊಂಡು ನಿಂಗನ ಕೈಗೆ ಕೊಟ್ಟೆ. ಹೊರೆ ಹೊತ್ತವನು ಅವನೇ ತಾನೇ.

ಆಮೇಲೆ ದೊಡ್ಡಸ್ವಾಮಿಯವರು ಕುರ್ಚಿಯಿಂದ ಎದ್ದು ನಮ್ಮ ಕಡೆ ಬಂದರು. ‘ಸುಂದ್ರ ಅಂತ ಕೂಗಿದ್ದು ಯಾರಯ್ಯ?’ ಎಂದರು. ಅವ್ವ ಬೇಲಿಯ ಆಚೆ ಸೆರಗನ್ನು ಬಾಯಿಗೆ ಇಟ್ಟುಕೊಂಡಿದ್ದು ಕಾಣಿಸುತ್ತಿತ್ತು. ‘ನಾನು, ಸ್ವಾಮಿ’ ಎಂದೆ. ಗೆರೆ ದಾಟಿ ಆಗಿತ್ತಲ್ಲ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಜವರನ ಗಂಟಲು ಕಣಯ್ಯ ನಿಂದು. ಗಾಡಿ ಮೇಲೆ ಹಿಂಗೇ ಕೂಗೋನು. ಅವನ ಗಾಡಿ ಯಾರ ಮೇಲೂ ಹತ್ತಲಿಲ್ಲ’ ಅಂದು ಬೆನ್ನು ತಟ್ಟಿದರು. ಅಪ್ಪಯ್ಯ, ಕಪ್ಪು ಗೆದ್ದಾಗ ಅಳಲಿಲ್ಲ, ಆಗ ಅತ್ತೆ. ನನ್ನನ್ನು ಕ್ಯಾಪ್ಟನ್ ಮಾಡಿದ್ದು ನಿನ್ನ ಗಂಟಲು, ಆ ಕಟ್ಟಳೆಗಳೂ ನೀನು ಕಲಿಸಿದ್ದು. ಆದರೆ ಒಂದು ಮಾತು ನಿನಗೆ ಹೇಳಬೇಕು. ಅವರು ‘ಜವರ’ ಅಂದದ್ದು ಹುಟ್ಟಿದಾಗಿನಿಂದ ಕೇಳಿದ ಮಾತು, ಅವತ್ತು ಮಾತ್ರ ಎಲ್ಲೋ ಚುಚ್ಚಿತು. ನೀನು ಅವರಿಗಿಂತ ನಾಲ್ಕು ವರ್ಷ ದೊಡ್ಡವನು. ಪಕ್ಕದಲ್ಲಿ ನಿಂತಿದ್ದ ಸುಂದರೇಶನಿಗೂ ಚುಚ್ಚಿರಬೇಕು.

ನಿನ್ನ ಕಾರ್ಡಿಗೆ ನನ್ನ ಉತ್ತರ ಇದು. ಮೇಷ್ಟ್ರಿಗೆ ಬೇಡ ಎಂದು ಹೇಳಲಿಲ್ಲ, ಹೇಳುವುದೂ ಇಲ್ಲ. ದೊಡ್ಡಮನೆಯ ಅನ್ನವನ್ನು ನಾನು ಮರೆತಿಲ್ಲ. ಬೈಯಬೇಕು ಅನ್ನಿಸಿದರೆ ಬೈದು ಬರೆ, ಆದರೆ ಈ ಸಲ ಮೂರು ಸಾಲಿಗಿಂತ ಹೆಚ್ಚು ಬರೆ. ಅವ್ವ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದಳು. ಕಂಬಳಿ ಹೊದ್ದುಕೋ. ಲಾಯದಲ್ಲಿ ನಿನ್ನ ಜೊತೆ ಇರುವವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಕೆಂಪಿಯ ಹಣೆ ನನ್ನ ಪರವಾಗಿ ಒಂದು ಸಲ ಸವರು.

ನಿನ್ನ ಮಗ,
ದೇವರಾಜು

ಮರೆತಿದ್ದೆ, ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇಪ್ಪತ್ತಮೂರನೆಯ ತಾರೀಖು ಭಾನುವಾರ ಊಟಿಯಲ್ಲಿ ಆಡಲು ನಮ್ಮನ್ನು ಕರೆದಿದ್ದಾರೆ. ಶನಿವಾರ ಸಂಜೆಯ ಬಸ್ಸಿಗೆ ಬಂದು, ಇಳಿದ ಕೂಡಲೇ ಹನ್ನೊಂದು ಜನವೂ ನಿನ್ನ ಲಾಯಕ್ಕೆ ಬರುತ್ತೇವೆ. ಸುಂದರೇಶನೂ ಬರುತ್ತಾನೆ. ಮೊನ್ನೆ ಮೈದಾನದಿಂದ ಮನೆಯವರೆಗೂ ನನ್ನ ಜೊತೆ ನಡೆದು ಬಂದು, ‘ನಾಲ್ಕು ವರ್ಷದವನಿದ್ದಾಗಿಂದ ಜವರ ಅಂದಿದೀನಿ ಕಣೋ, ಈಗ ಏನಂತ ಕರೀಲಿ?’ ಎಂದು ಕೇಳಿದ. ಉತ್ತರ ಅವನೇ ಹುಡುಕಿಕೊಂಡ. ನಿನ್ನೆಯಿಂದ ಅಭ್ಯಾಸ ಮಾಡುತ್ತಿದ್ದಾನೆ. ನಾಲಿಗೆ ಮೂರು ಸಲ ತಪ್ಪಿತು, ತಾನಾಗಿಯೇ ಮೂರು ಸುತ್ತು ಓಡಿದ. ನಾನೂ ಜೊತೆಯಲ್ಲಿ ಓಡಿದೆ. ಅವನು ಬಂದಾಗ ಟವಲು ಹೆಗಲ ಮೇಲೆಯೇ ಇರಲಿ. ‘ಜವರಯ್ಯನೋರೇ, ಚೆನ್ನಾಗಿದ್ದೀರಾ’ ಎಂದು ಅವನು ಕೇಳುತ್ತಾನೆ. ಯಾರನ್ನು ಮಾತಾಡಿಸಿದ ಎಂದು ಹಿಂದೆ ತಿರುಗಿ ನೋಡಬೇಡ ಅಪ್ಪಯ್ಯ. ಅಲ್ಲಿ ಬೇರೆ ಯಾರೂ ಇರುವುದಿಲ್ಲ, ಕೇಳಿದ್ದು ನಿನ್ನನ್ನೇ.